ಡೌಟ್, ಸಸ್ಪೆಕ್ಟ್, ಶೇಡ್, ಶ್ಯಾಡೋ: ಒಂದೇ ಅರ್ಥದಂತೆ ಕಾಣುವ ಇಂಗ್ಲಿಷ್ ಪದಗಳು

ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕಳವಾಗಿದೆ ಎಂದಿಟ್ಟುಕೊಳ್ಳಿ. ಯಾರ ಮೇಲೆ ಸಂಶಯ ಎಂಬುದು ಮನೆಯವರಿಗೆ ಗೊತ್ತಿದೆ. ದೂರು ಇಂಗ್ಲಿಷಿನಲ್ಲಿ ಬರೆಯಬೇಕು. ‘ಅವನೇ ಕದ್ದಿರಬೇಕು ಅಂತ ನನಗೆ ಸಂಶಯ’ ಎಂಬ ಮಾತು ಕಾಗದದ ಮೇಲೆ ‘ಐ ಡೌಟ್ ದಟ್ ಹಿ ಸ್ಟೋಲ್ ಇಟ್’ ಎಂದು ಇಳಿಯುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಅದನ್ನು ಓದಿದರೆ ಅರ್ಥ ಪೂರ್ತಿ ತಲೆಕೆಳಗು. ‘ಅವನು ಕದ್ದಿದ್ದಾನೆ ಅಂತ ನನಗೆ ಅನ್ನಿಸುವುದಿಲ್ಲ’ ಎಂದು ಬರೆದ ಹಾಗಾಯಿತು. ಅಲ್ಲಿ ಬೇಕಿದ್ದದ್ದು ಸಸ್ಪೆಕ್ಟ್.

ಒಂದು ಸಂಗತಿ ನಿಜ ಇರಲಿಕ್ಕಿಲ್ಲ ಅನ್ನಿಸಿದರೆ ಡೌಟ್. ನಿಜ ಇರಬೇಕು, ಅದೂ ಯಾರೋ ಮುಚ್ಚಿಟ್ಟ ಅಥವಾ ಬೇಡದ ಸಂಗತಿ ನಿಜ ಇರಬೇಕು ಅನ್ನಿಸಿದರೆ ಸಸ್ಪೆಕ್ಟ್. ಎರಡೂ ಎದುರುಬದುರು ದಿಕ್ಕಿಗೆ ಹೋಗುವ ಪದಗಳು. ಕನ್ನಡದಲ್ಲಿ ಎರಡಕ್ಕೂ ಸಂಶಯ ಎಂದೇ ಹೇಳುತ್ತೇವೆ. ಆದರೂ ನಮಗೆ ಗೊಂದಲ ಆಗುವುದಿಲ್ಲ, ಯಾಕೆ? ‘ಅವನು ಬರುವುದು ಸಂಶಯ’ ಎಂದರೆ ಬರಲಿಕ್ಕಿಲ್ಲ ಎಂದರ್ಥ. ‘ಅವನ ಮೇಲೆ ಸಂಶಯ’ ಎಂದರೆ ಅವನೇ ಮಾಡಿರಬೇಕು ಎಂದರ್ಥ. ‘ಮೇಲೆ’ ಎಂಬ ಪುಟ್ಟ ಪದ ಅಷ್ಟು ದೊಡ್ಡ ಕೆಲಸ ಮಾಡುತ್ತಿದೆ. ಅಂದರೆ ಈ ವ್ಯತ್ಯಾಸ ನಮಗೆ ಹೊಸತೇನಲ್ಲ. ಕನ್ನಡ ಅದನ್ನು ವಾಕ್ಯದ ಬೇರೊಂದು ಮೂಲೆಯಲ್ಲಿ ಇಟ್ಟಿದೆ, ಇಂಗ್ಲಿಷ್ ಪದದೊಳಗೇ ಇಟ್ಟಿದೆ.

ಹತ್ತಿರದ ಅರ್ಥದ ಪದಗಳನ್ನು ಬೇರೆ ಮಾಡುವ ವಿದ್ಯೆಯೆಲ್ಲ ಇಲ್ಲಿಂದಲೇ ಶುರುವಾಗುತ್ತದೆ ಎಂದು ನನ್ನ ನಂಬಿಕೆ. ಶಾಲೆಯಲ್ಲಿ ನಾವು ಎರಡು ಸಾಲಿನ ಪಟ್ಟಿ ಮಾಡಿ ಬಾಯಿಪಾಠ ಮಾಡಿದೆವು. ಡೌಟ್ ಅಂದರೆ ಸಂಶಯ, ಸಸ್ಪೆಕ್ಟ್ ಅಂದರೆ ಸಂಶಯ. ಹೀಗೆ ಕಲಿತರೆ ಎರಡೂ ಒಂದೇ ಡಬ್ಬಿಗೆ ಬೀಳುತ್ತವೆ, ಕೈಹಾಕಿದಾಗ ಯಾವುದು ಸಿಕ್ಕಿತೋ ಅದು. ಪ್ರತಿ ಜೋಡಿಯ ಹಿಂದೆ ಇಂಗ್ಲಿಷ್ ಕೇಳುವ ಒಂದು ಪ್ರಶ್ನೆ ಇದೆ. ಕನ್ನಡ ಅದೇ ಜಾಗದಲ್ಲಿ ಆ ಪ್ರಶ್ನೆ ಕೇಳುವುದಿಲ್ಲ, ಅಷ್ಟೇ. ಆ ಪ್ರಶ್ನೆ ಯಾವುದೆಂದು ಗೊತ್ತಾದರೆ ಜೋಡಿ ತಾನಾಗಿ ಬಿಡಿಸಿಕೊಳ್ಳುತ್ತದೆ.

ಇದರಲ್ಲಿ ಕಾಸರಗೋಡಿನವರಿಗೆ ಬೇರೆ ಊರಿನವರಿಗಿಂತ ಒಂದು ಕೈ ಜಾಸ್ತಿಯೇ ಅಭ್ಯಾಸ ಇದೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ‘ನಾವು ನಾಳೆ ಕುಂಬಳೆಗೆ ಹೋಗುತ್ತೇವೆ’ ಎಂದು ಕನ್ನಡದಲ್ಲಿ ಹೇಳಿದರೆ, ಕೇಳಿದವನಿಗೆ ತಾನೂ ಹೊರಡಬೇಕೋ ಬೇಡವೋ ಗೊತ್ತಾಗುವುದಿಲ್ಲ. ತುಳುವಿನಲ್ಲಿ ಆ ಗೊಂದಲ ಬರುವುದೇ ಇಲ್ಲ. ಕೇಳುವವನನ್ನು ಬಿಟ್ಟು ನಾವು ಎಂದರೆ ‘ಎಂಕುಲು’, ಅವನನ್ನೂ ಸೇರಿಸಿಕೊಂಡರೆ ‘ನಮ’. ಮಲಯಾಳದಲ್ಲಿ ‘ಞಙ್ಙಳ್’ ಮತ್ತು ‘ನಮ್ಮಳ್’. ಹವ್ಯಕದಲ್ಲೂ ‘ಎಂಗೊ’ ಬೇರೆ, ‘ನಾವು’ ಬೇರೆ. ಬದಿಯಡ್ಕದ ಒಂದನೇ ತರಗತಿ ಮಗುವೂ ಇದನ್ನು ತಪ್ಪದೆ ಹೇಳುತ್ತದೆ. ವ್ಯಾಕರಣ ಯಾರೂ ಕಲಿಸಿಲ್ಲ. ಕೇಳುವವನು ಸೇರಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಮಗು ಒಳಗೇ ಕೇಳಿಕೊಂಡಿರುತ್ತದೆ.

ಇನ್ನೊಂದು ನೋಡಿ. ಕನ್ನಡದ ‘ಕೇಳು’ ಎರಡು ಕೆಲಸ ಮಾಡುತ್ತದೆ. ಹಾಡು ಕೇಳಬಹುದು, ಪ್ರಶ್ನೆಯನ್ನೂ ಕೇಳಬಹುದು. ಮಲಯಾಳದಲ್ಲಿ ಹಾಡಿಗೆ ‘ಕೇಳ್ಕುಕ’, ಪ್ರಶ್ನೆಗೆ ‘ಚೋದಿಕ್ಕುಕ’. ಇಂಗ್ಲಿಷಿನಲ್ಲಿ ಪ್ರಶ್ನೆಗೆ ಆಸ್ಕ್. ಕಿವಿಗೆ ಸಂಬಂಧಿಸಿದ್ದನ್ನು ಇಂಗ್ಲಿಷ್ ಮತ್ತೆ ಒಡೆಯುತ್ತದೆ: ಹಿಯರ್ ಮತ್ತು ಲಿಸನ್. ಇಲ್ಲಿನ ಪ್ರಶ್ನೆ, ಬೇಕೆಂದೇ ಮಾಡಿದ್ದೋ ತಾನಾಗಿ ಆದದ್ದೋ? ಗುಡುಗು ತಾನಾಗಿ ಕಿವಿಗೆ ಬಿದ್ದರೆ ಹಿಯರ್. ಟೀಚರ್ ಪಾಠಕ್ಕೆ ಮನಸ್ಸಿಟ್ಟು ಕಿವಿ ಕೊಟ್ಟರೆ ಲಿಸನ್. ‘ಹೇಳಿದ್ದು ಕೇಳಿತು, ಆದರೆ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ’ ಎನ್ನುತ್ತೇವಲ್ಲ, ಅದರಲ್ಲಿ ಮೊದಲನೆಯದು ಹಿಯರ್, ಎರಡನೆಯದು ಲಿಸನ್.

‘ನೋಡು’ ಕೂಡ ಹೀಗೇ. ಸುಮ್ನೆ ಕಣ್ಣಿಗೆ ಬಿದ್ದರೆ ಸೀ. ಕಣ್ಣನ್ನು ಆ ಕಡೆ ತಿರುಗಿಸಿದರೆ ಲುಕ್. ಏನೋ ನಡೆಯುತ್ತಿದೆ, ಮುಂದೇನಾಗುತ್ತದೆ ಎಂದು ಕೂತು ನೋಡಿದರೆ ವಾಚ್. ಆಲ್ಬಮ್ಮಿನ ಫೋಟೋಕ್ಕೆ ಲುಕ್, ರಾತ್ರಿಯಿಡೀ ಕೂತು ನೋಡುವ ಯಕ್ಷಗಾನಕ್ಕೆ ವಾಚ್. ಫೋಟೋವನ್ನು ವಾಚ್ ಮಾಡಿದೆ ಎಂದರೆ, ಅದು ಎದ್ದು ಹೋಗುತ್ತದೋ ಎಂದು ಕಾವಲು ಕೂತ ಹಾಗೆ ಕೇಳುತ್ತದೆ.

ನೆರಳಿನ ಜೋಡಿ ನನಗೆ ತುಂಬ ಇಷ್ಟ. ಅಡಿಕೆ ತೋಟದೊಳಗೆ ಮಧ್ಯಾಹ್ನ ಹೊಕ್ಕರೆ ಮೈಗೆ ತಂಪು. ಆ ತಂಪು ಜಾಗ ಶೇಡ್. ಅದಕ್ಕೆ ಆಕಾರ ಇಲ್ಲ, ಲೆಕ್ಕ ಇಲ್ಲ. ಅದೇ ತೋಟದ ಅಂಚಿನಲ್ಲಿ, ಸಂಜೆ ಬಿಸಿಲಿಗೆ ಒಂದೊಂದು ಮರದ ಉದ್ದ ಗೆರೆ ಗದ್ದೆಯ ಮೇಲೆ ಬಿದ್ದಿರುತ್ತದೆ. ಅದು ಶ್ಯಾಡೋ. ಅದಕ್ಕೆ ಆಕಾರ ಇದೆ, ಒಡೆಯ ಇದ್ದಾನೆ, ಎಣಿಸಲೂ ಬರುತ್ತದೆ. ಬಿಸಿಲಿನಿಂದ ರಕ್ಷಣೆಯ ಮಾತೋ, ಬಿದ್ದ ಆಕಾರದ ಮಾತೋ ಎಂಬುದು ಇಲ್ಲಿನ ಪ್ರಶ್ನೆ. ಮರದಡಿ ಕೂತವನು ಶೇಡ್‌ನಲ್ಲಿ ಕೂತಿದ್ದಾನೆ. ಮಗು ಹಿಡಿಯಲು ಓಡುವುದು ಶ್ಯಾಡೋವನ್ನು.

ಪ್ರಶ್ನೆ ಯಾವುದೆಂದು ತಿಳಿಯದಾಗ ಏನು ಮಾಡುವುದು? ವಿರುದ್ಧಪದ ಹುಡುಕಿ. ಇದರಷ್ಟು ಗಟ್ಟಿ ಉಪಾಯ ನಾನು ಬೇರೆ ಕಂಡಿಲ್ಲ. ನಮ್ಮ ‘ಹಸಿ’ಯನ್ನೇ ತೆಗೆದುಕೊಳ್ಳೋಣ. ಕನ್ನಡ ಒಂದೇ ಪದದಲ್ಲಿ ಮುಗಿಸುವ ಇದಕ್ಕೆ ಇಂಗ್ಲಿಷಿನಲ್ಲಿ ರಾ, ಫ್ರೆಶ್, ಗ್ರೀನ್, ವೆಟ್, ಡ್ಯಾಂಪ್ ಎಂದು ಒಂದು ಸಂಸಾರವೇ ಇದೆ. ಮೀನು ಮಾರ್ಕೆಟ್ಟಿನಲ್ಲಿ ನಿಂತು ‘ಹಸಿ ಮೀನು ಬೇಕಾ, ಒಣಮೀನು ಬೇಕಾ’ ಎಂದು ಕೇಳುವಾಗ, ಹಸಿಯ ಎದುರಿಗೆ ನಿಂತಿರುವುದು ಒಣ. ಆಗ ಅದು ಫ್ರೆಶ್ ಫಿಶ್. ಅದೇ ಮೀನು ಅಡುಗೆಮನೆಗೆ ಬಂತು, ಬೆಕ್ಕು ಬಾಯಿ ಹಾಕಿತು. ‘ಅಯ್ಯೋ, ಹಸಿ ಮೀನನ್ನೇ ತಿಂದುಬಿಟ್ಟಿತು’ ಎಂದಾಗ ಎದುರಿಗಿರುವುದು ಬೆಂದದ್ದು. ಈಗ ಅದು ರಾ ಫಿಶ್. ಮೀನು ಬದಲಾಗಲಿಲ್ಲ, ಪದವೂ ಬದಲಾಗಲಿಲ್ಲ, ಎದುರಾಳಿ ಮಾತ್ರ ಬದಲಾದ. ಇಂಗ್ಲಿಷ್ ಎದುರಾಳಿಯನ್ನು ನೋಡಿ ಪದ ಆರಿಸುತ್ತದೆ.

ಹಸಿ ಶುಂಠಿಯ ಎದುರಿಗೆ ಒಣಶುಂಠಿ, ಆದ್ದರಿಂದ ಫ್ರೆಶ್ ಜಿಂಜರ್. ಹಸಿ ಸೌತೆಕಾಯಿಯನ್ನು ಬೇಯಿಸದೆ ತಿಂದರೆ ರಾ. ಹಸಿ ಕಟ್ಟಿಗೆ ಒಲೆಗಿಟ್ಟರೆ ಬರೀ ಹೊಗೆ. ಅದನ್ನು ಇಂಗ್ಲಿಷಿನವರು ಗ್ರೀನ್ ವುಡ್ ಎನ್ನುತ್ತಾರೆ, ಬಣ್ಣ ಹಸಿರಿಲ್ಲದಿದ್ದರೂ. ಹೊಸದಾಗಿ ಕಡಿದು ನೀರಾರದ ಮರ ಎಂದರ್ಥ. ಹಸಿಮೆಣಸು ಗ್ರೀನ್ ಚಿಲ್ಲಿ, ಅಲ್ಲಿ ಎದುರಿಗಿರುವುದು ಕೆಂಪು ಮೆಣಸು. ಹಣ್ಣಾಗದ ಮಾವಿನಕಾಯಿ ಅನ್‌ರೈಪ್, ಎದುರಿಗಿರುವುದು ಹಣ್ಣು. ನೀರು ಕುಡಿದ ಹಸಿ ಗೋಡೆ ಡ್ಯಾಂಪ್.

ಡ್ಯಾಂಪ್ ಬಂತಲ್ಲ, ಕರಾವಳಿಯ ಮಳೆಗಾಲಕ್ಕೆ ಬೇಕಾದ ಪದಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಒದ್ದೆಯಾಗದ ವಸ್ತು ಯಾವುದಿದೆ? ಈಗಷ್ಟೇ ಮಳೆಯಿಂದ ಬಂದ ಕೊಡೆ ವೆಟ್, ನೀರು ಸುರಿಯುತ್ತಿದೆ. ಎರಡು ದಿನದಿಂದ ಜಗಲಿಯಲ್ಲಿ ಹಗ್ಗದ ಮೇಲಿದ್ದರೂ ಒಣಗದ ಲುಂಗಿ ಡ್ಯಾಂಪ್. ಮುಟ್ಟಿದರೆ ಥಂಡಿ, ಮೂಸಿದರೆ ಮುಗ್ಗಲು ವಾಸನೆ. ತೋಟದ ಮಣ್ಣನ್ನು ಹಿಡಿದರೆ ಉಂಡೆಯಾಗುವಷ್ಟು ಪಸೆ ಇದ್ದರೆ ಅದು ಮಾಯ್ಸ್ಟ್. ಡ್ಯಾಂಪ್ ಮತ್ತು ಮಾಯ್ಸ್ಟ್ ಎರಡರಲ್ಲೂ ಇರುವ ನೀರಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ ಆ ಪಸೆ ನಮಗೆ ಬೇಕಾಗಿದೆಯೋ ಬೇಡವೋ ಎಂದು ಇಂಗ್ಲಿಷ್ ಕೇಳುತ್ತದೆ. ಬೇಡದ್ದು ಹೆಚ್ಚಾಗಿ ಡ್ಯಾಂಪ್, ಬೇಕಾದದ್ದು ಹೆಚ್ಚಾಗಿ ಮಾಯ್ಸ್ಟ್. ಕೇಕ್ ಮಾಯ್ಸ್ಟ್ ಆಗಿದೆ ಎಂದರೆ ಹೊಗಳಿಕೆ, ಡ್ಯಾಂಪ್ ಎಂದರೆ ಯಾರೂ ಮುಟ್ಟಲಿಕ್ಕಿಲ್ಲ. ಇನ್ನು ಹ್ಯೂಮಿಡ್ ಗಾಳಿಗೆ ಮಾತ್ರ. ಏಪ್ರಿಲ್‌ನಲ್ಲಿ ಕೂತಲ್ಲೇ ಬೆವರು ಇಳಿಯುತ್ತದಲ್ಲ, ಆ ಹವೆ ಹ್ಯೂಮಿಡ್. ಬಟ್ಟೆ, ಮಣ್ಣು, ಗೋಡೆಗೆ ಆ ಪದ ಹಾಕಬಾರದು.

ಬೇಕೋ ಬೇಡವೋ ಎಂಬ ಈ ಪ್ರಶ್ನೆ ಇನ್ನೂ ಎಷ್ಟೋ ಜೋಡಿಗಳ ಬೀಗದಕೈ. ಸ್ಲಿಮ್ ಎಂದರೆ ಖುಷಿ, ಸ್ಕಿನ್ನಿ ಎಂದರೆ ಬೇಸರ. ಥ್ರಿಫ್ಟಿ ಎಂದರೆ ಕಂಡು ಖರ್ಚು ಮಾಡುವವನು, ಸ್ಟಿಂಜಿ ಎಂದರೆ ಜಿಪುಣ. ಫೇಮಸ್ ಒಳ್ಳೆಯದಕ್ಕೆ, ನಟೋರಿಯಸ್ ಕೆಟ್ಟದ್ದಕ್ಕೆ. ವೇದಿಕೆಯಲ್ಲಿ ಅತಿಥಿಯನ್ನು ನಟೋರಿಯಸ್ ಎಂದು ಪರಿಚಯಿಸಿದರೆ ಪಾಪ, ಅವರು ಎಲ್ಲಿ ಮುಖ ಇಡಬೇಕು?

ಈ ಪ್ರಶ್ನೆಯ ವಿಧಾನ ಎಲ್ಲ ಕಡೆ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಕೆಲವು ಪದಗಳ ಹಿಂದೆ ತರ್ಕವೇ ಇಲ್ಲ, ಬರೀ ಒಡನಾಟ ಇದೆ. ‘ಜೋರು’ ಎಂಬುದನ್ನು ನಾವು ಎಲ್ಲದಕ್ಕೂ ಹಾಕುತ್ತೇವೆ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ಸ್ವರ. ಇಂಗ್ಲಿಷಿನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಜ್ವರ ಹೈ, ಸ್ವರ ಲೌಡ್. ಸ್ಟ್ರಾಂಗ್ ರೇನ್ ಎಂದರೆ ಅರ್ಥ ಆಗುತ್ತದೆ, ಆದರೆ ಕಿವಿಗೆ ಒಪ್ಪುವುದಿಲ್ಲ. ಯಾಕೆ ಹಾಗೆ ಎಂದು ತಲೆ ಕೆಡಿಸಿಕೊಂಡು ಪ್ರಯೋಜನ ಇಲ್ಲ. ಮಳೆಯನ್ನು ಕಲಿಯುವಾಗಲೇ ಹೆವಿಯ ಜೊತೆ ಕಲಿತುಬಿಡಬೇಕು. ‘ಎತ್ತರ’ಕ್ಕೆ ಮಾತ್ರ ಅರ್ಧ ತರ್ಕ ಇದೆ. ಅಗಲಕ್ಕಿಂತ ಉದ್ದ ಜಾಸ್ತಿ ಇದ್ದು ನೇರ ನಿಂತಿದ್ದರೆ ಟಾಲ್, ಹಾಗಾಗಿ ಮನುಷ್ಯ, ಅಡಿಕೆ ಮರ, ಕಂಬ ಎಲ್ಲ ಟಾಲ್. ನೆಲದಿಂದ ಎಷ್ಟು ಮೇಲಿದೆ ಎನ್ನುವಾಗ ಹೈ. ರಾಣಿಪುರಂ ಬೆಟ್ಟ ಹೈ, ಉಪ್ಪಿನಕಾಯಿ ಭರಣಿ ಇಟ್ಟ ಅಟ್ಟ ಹೈ.

ಇಷ್ಟೊಂದು ಪದಗಳು ಇಂಗ್ಲಿಷಿಗೆ ಬಂದದ್ದಾದರೂ ಎಲ್ಲಿಂದ? 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಮುಂದೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯಿತು, ಹೊಲ ಮತ್ತು ಕೊಟ್ಟಿಗೆಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಓದುಬರಹದವರ ಲ್ಯಾಟಿನ್ ಮೂರನೆಯದು. ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡಬೇಕು ಎಂಬ ಕಾನೂನು ಬಂದದ್ದು 1362ರಲ್ಲಿ. ಹೀಗೆ ಒಂದೊಂದು ಕೆಲಸಕ್ಕೆ ಎರಡೆರಡು ಪದ ನೆಲೆ ನಿಂತಿತು. ಬೈ ಮತ್ತು ಪರ್ಚೇಸ್, ಬಿಗಿನ್ ಮತ್ತು ಕಮೆನ್ಸ್, ಹೆಲ್ಪ್ ಮತ್ತು ಅಸಿಸ್ಟ್. ಕೊಟ್ಟಿಗೆಯಲ್ಲಿದ್ದಾಗ ಕೌ, ಊಟದ ಮೇಜಿಗೆ ಬಂದಾಗ ಬೀಫ್ ಎಂಬ ವ್ಯತ್ಯಾಸಕ್ಕೂ ಬೇರು ಅಲ್ಲೇ.

ಇಂಥ ಜೋಡಿಗಳಲ್ಲಿ ಅರ್ಥದ ವ್ಯತ್ಯಾಸ ಹುಡುಕಬೇಡಿ, ಸಿಗುವುದು ಕಷ್ಟ. ವ್ಯತ್ಯಾಸ ಇರುವುದು ಯಾರ ಮುಂದೆ ಆಡುತ್ತೇವೆ ಎಂಬುದರಲ್ಲಿ. ನಮ್ಮಲ್ಲಿ ಹೊಸ ಮನೆಯ ಕಾಗದದಲ್ಲಿ ‘ಗೃಹಪ್ರವೇಶ’ ಎಂದು ಅಚ್ಚಾಗುತ್ತದೆ. ಬಾಯಲ್ಲಿ ಕರೆಯುವಾಗ ‘ಮನೆ ಒಕ್ಕಲಿಗೆ ಬನ್ನಿ’ ಎನ್ನುತ್ತೇವೆ. ಸಮಾರಂಭ ಒಂದೇ. ಪರ್ಚೇಸ್ ಕಚೇರಿಯ ಅರ್ಜಿಗೆ, ಬೈ ಮನೆ ಮಾತಿಗೆ. ಗೆಳೆಯನಿಗೆ ಕಳಿಸುವ ಮೆಸೇಜಿನಲ್ಲಿ ‘ಐ ಪರ್ಚೇಸ್ಡ್ ಎ ಪೆನ್’ ಎಂದು ಬರೆದರೆ ತಪ್ಪಲ್ಲ, ಆದರೆ ಪೆನ್ನಿಗೆ ಟೆಂಡರ್ ಕರೆದ ಹಾಗಿರುತ್ತದೆ. ಹಳೆಯ ದಸ್ತಾವೇಜುಗಳಲ್ಲಿ ‘ವಿಲ್ ಆ್ಯಂಡ್ ಟೆಸ್ಟಮೆಂಟ್’ ಎಂದು ಜೋಡಿಯಾಗಿಯೇ ಬರುವುದಕ್ಕೂ ಈ ಇತಿಹಾಸವೇ ಬೇರು. ಒಂದು ಇಂಗ್ಲಿಷಿನದು, ಒಂದು ಲ್ಯಾಟಿನ್ ಮೂಲದ್ದು. ಅಲ್ಲಿ ಎರಡನ್ನು ಬಿಡಿಸಲು ಹೋಗಿ ತಲೆನೋವು ತಂದುಕೊಳ್ಳಬೇಕಾಗಿಲ್ಲ.

ಹೆಚ್ಚು ಅಪಾಯ ಇರುವುದು ಬೇರೆ ಕಡೆ. ಆಗಲೇ ಕನ್ನಡದೊಳಗೆ ಬಂದು ನಮ್ಮವೇ ಆಗಿಹೋದ ಇಂಗ್ಲಿಷ್ ಪದಗಳಲ್ಲಿ. ‘ಬಸ್ ಚಾರ್ಜ್ ಎಷ್ಟು’ ಎಂದು ನಾವು ಕೇಳುತ್ತೇವೆ. ಇಂಗ್ಲಿಷಿನಲ್ಲಿ ಬಸ್ಸಿಗೆ ಕೊಡುವುದು ಫೇರ್. ಡಾಕ್ಟರಿಗೆ, ಶಾಲೆಗೆ, ವಕೀಲರಿಗೆ ಕೊಡುವುದು ಫೀ. ತಲಪಾಡಿಯಲ್ಲಿ ಹೆದ್ದಾರಿಗೆ ಕೊಡುವುದು ಟೋಲ್. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ಕಟ್ಟುವುದು ಫೈನ್. ಅಂಗಡಿಯ ವಸ್ತುವಿಗೆ ಪ್ರೈಸ್. ದಿನಕೂಲಿಗೆ ವೇಜ್, ತಿಂಗಳ ಸಂಬಳಕ್ಕೆ ಸ್ಯಾಲರಿ. ಕೈಯಿಂದ ಹೋಗುವುದೂ ಬರುವುದೂ ದುಡ್ಡೇ. ಆದರೆ ಯಾತಕ್ಕೆ ಎಂದು ಇಂಗ್ಲಿಷ್ ಕೇಳುತ್ತದೆ. ಹಾಗೆಯೇ ನಮ್ಮ ‘ಹೋಟೆಲ್’ ದೋಸೆ ತಿನ್ನುವ ಜಾಗ, ಹೊರಗಿನವರ ಹೋಟೆಲ್ ರಾತ್ರಿ ಉಳಿಯುವ ಜಾಗ. ‘ಟೀಚರ್, ಒಂದು ಡೌಟ್’ ಎಂಬುದು ಭಾರತದ ಎಲ್ಲ ತರಗತಿಗಳಲ್ಲಿ ನಡೆಯುತ್ತದೆ, ಅದಕ್ಕೆ ಇಲ್ಲಿ ಯಾರೂ ಬೇಸರ ಮಾಡಬೇಕಾಗಿಲ್ಲ. ಹೊರದೇಶದ ಸಂದರ್ಶನದಲ್ಲಿ ಹಾಗೆಂದರೆ ಮಾತ್ರ ಎದುರಿನವರಿಗೆ ‘ನೀವು ಹೇಳಿದ್ದರಲ್ಲಿ ನನಗೆ ನಂಬಿಕೆ ಇಲ್ಲ’ ಎಂದು ಕೇಳಿಸಬಹುದು. ಅಲ್ಲಿ ಕ್ವೆಶ್ಚನ್ ಎನ್ನುವುದು ಕ್ಷೇಮ.

ಒಂದೇ ಬುಡದ ಜೋಡಿಗಳೂ ಇವೆ. ಬೇಗ ಹೇಳಿ ಮುಗಿಸುತ್ತೇನೆ. ಹಿಸ್ಟಾರಿಕ್ ಎಂದರೆ ಇತಿಹಾಸದಲ್ಲಿ ಉಳಿಯುವಷ್ಟು ಮುಖ್ಯವಾದದ್ದು, ಹಿಸ್ಟಾರಿಕಲ್ ಎಂದರೆ ಇತಿಹಾಸಕ್ಕೆ ಸಂಬಂಧಪಟ್ಟದ್ದು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಇಲ್ಲಿನವರಿಗೆ ಹಿಸ್ಟಾರಿಕ್ ದಿನ. ಆ ಬಗ್ಗೆ ಬರೆದ ಪುಸ್ತಕ ಹಿಸ್ಟಾರಿಕಲ್. ಎಕನಾಮಿಕ್ ಅರ್ಥವ್ಯವಸ್ಥೆಯ ಮಾತು, ಎಕನಾಮಿಕಲ್ ಮಿತವ್ಯಯದ ಮಾತು.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೆಯ ತರಗತಿಗೆ, ಹೋದ ಮಕ್ಕಳಿಗೆ ಈ ಕಷ್ಟ ವಿಜ್ಞಾನದಲ್ಲಿ ಇನ್ನೊಂದು ರೂಪದಲ್ಲಿ ಬರುತ್ತದೆ. ಮಾತಿನ ಇಂಗ್ಲಿಷಿನಲ್ಲಿ ಹೀಟ್ ಮತ್ತು ಟೆಂಪರೇಚರ್ ಹತ್ತಿರ ಹತ್ತಿರ. ಭೌತವಿಜ್ಞಾನದಲ್ಲಿ ಹೀಟ್ ಎಂದರೆ ಬಿಸಿಯಾದ ವಸ್ತುವಿನಿಂದ ತಣ್ಣಗಿನ ವಸ್ತುವಿಗೆ ಹರಿಯುವ ಶಕ್ತಿ, ಟೆಂಪರೇಚರ್ ಎಂದರೆ ಎಷ್ಟು ಬಿಸಿ ಎಂಬ ಅಳತೆ. ಹಂಡೆ ತುಂಬ ನೀರು ಮತ್ತು ಲೋಟದ ನೀರು ಎರಡೂ ಕುದಿಯುತ್ತಿದ್ದರೆ ಟೆಂಪರೇಚರ್ ಒಂದೇ. ಹಂಡೆಯನ್ನು ಕುದಿಸಲು ಕೊಟ್ಟ ಹೀಟ್ ಎಷ್ಟೋ ಪಾಲು ಜಾಸ್ತಿ. ಸ್ಪೀಡ್ ಮತ್ತು ವೆಲಾಸಿಟಿಯ ನಡುವೆ ಕೇಳುವ ಪ್ರಶ್ನೆ, ದಿಕ್ಕು ಹೇಳಿದ್ದೀರಾ? ಹೇಳಿದ್ದರೆ ವೆಲಾಸಿಟಿ.

ಪದ ತಪ್ಪಿದರೆ ನಿಜವಾಗಿ ಪೆಟ್ಟು ಬೀಳುವ ಜಾಗ ಕಾನೂನು. ಕಳ್ಳತನ, ದರೋಡೆ ಎಂದು ನಾವು ಹೇಗೆ ಬೇಕೋ ಹಾಗೆ ಹೇಳುತ್ತೇವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅದಕ್ಕೂ ಹಿಂದಿನ ದಂಡಸಂಹಿತೆಯಲ್ಲೂ, ಥೆಫ್ಟ್ ಬೇರೆ, ರಾಬರಿ ಬೇರೆ, ಡಕಾಯಿಟಿ ಬೇರೆ. ಒಪ್ಪಿಗೆ ಇಲ್ಲದೆ ವಸ್ತುವನ್ನು ಒಯ್ದರೆ ಥೆಫ್ಟ್. ಒಯ್ಯುವುದಕ್ಕಾಗಿ ಹೊಡೆದರೆ, ಕಟ್ಟಿಹಾಕಿದರೆ, ಜೀವಭಯ ಹುಟ್ಟಿಸಿದರೆ ರಾಬರಿ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ರಾಬರಿ ಮಾಡಿದರೆ ಡಕಾಯಿಟಿ. ಶಿಕ್ಷೆಯೂ ಹಾಗೇ ಏರುತ್ತದೆ. ವಾಕ್ಯದಲ್ಲಿ ಇನ್ನೊಂದು ಎಚ್ಚರ ಬೇಕು. ಸ್ಟೀಲ್ ಮಾಡುವುದು ವಸ್ತುವನ್ನು, ರಾಬ್ ಮಾಡುವುದು ಮನುಷ್ಯನನ್ನು ಅಥವಾ ಬ್ಯಾಂಕನ್ನು. ಚೈನನ್ನು ರಾಬ್ ಮಾಡಿದರು ಎಂದು ಬರೆಯುವುದಿಲ್ಲ. ಚೈನನ್ನು ಸ್ಟೀಲ್ ಮಾಡಿದರು, ಚೈನ್ ಹಾಕಿದವರನ್ನು ರಾಬ್ ಮಾಡಿದರು.

ಜಮೀನಿನ ಕಾಗದಗಳಲ್ಲಿ ಪೊಸೆಷನ್ ಮತ್ತು ಓನರ್‌ಶಿಪ್ ಎರಡೂ ಬರುತ್ತವೆ. ಪೊಸೆಷನ್ ಎಂದರೆ ಸ್ವಾಧೀನ, ಜಾಗ ಈಗ ಯಾರ ಕೈಯಲ್ಲಿದೆ ಎಂಬುದು. ಓನರ್‌ಶಿಪ್ ಎಂದರೆ ಒಡೆತನ, ಹಕ್ಕು ಯಾರದು ಎಂಬುದು. ಇದು ಗಡಿನಾಡಿನ ಹಿರಿಯರಿಗೆ ಪುಸ್ತಕದ ಮಾತಲ್ಲ. ಗೇಣಿಗೆ ಭೂಮಿ ಮಾಡಿಕೊಂಡಿದ್ದ ಒಕ್ಕಲುಗಳ ಕೈಯಲ್ಲಿ ತಲೆತಲಾಂತರದಿಂದ ಪೊಸೆಷನ್ ಇತ್ತು, ಓನರ್‌ಶಿಪ್ ಇರಲಿಲ್ಲ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದ ಮೇಲೆ ಆ ಹಕ್ಕು ಅವರದಾಯಿತು. ವಿಲೇಜ್ ಆಫೀಸಿನಿಂದ ತರುವ ಪೊಸೆಷನ್ ಸರ್ಟಿಫಿಕೇಟನ್ನೇ ಒಡೆತನದ ಪತ್ರ ಎಂದು ತಿಳಿದವರು ಈಗಲೂ ಇದ್ದಾರೆ. ಅಲ್ಲಿ ಬರೆದ ಪದವನ್ನು ಇನ್ನೊಮ್ಮೆ ಓದಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮನೆಯಲ್ಲಿ ಕಲಿಯುವವರಿಗೆ ಎರಡು ಮಾತು. ಸಮಾನಾರ್ಥಕ ಪದಗಳ ಕೋಶವನ್ನು ಮೊದಲು ತೆರೆಯಬೇಡಿ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1852ರಲ್ಲಿ ಅಂಥ ದೊಡ್ಡ ಕೋಶ ಹೊರತಂದ. ಅದು ಪದ ಗೊತ್ತಿದ್ದೂ ನೆನಪಿಗೆ ಬಾರದವರಿಗೆ ಉಪಕಾರಿ. ವ್ಯತ್ಯಾಸ ಗೊತ್ತಿಲ್ಲದವರಿಗೆ ಅದು ಗೊಂದಲ ಹೆಚ್ಚಿಸುತ್ತದೆ, ಯಾಕೆಂದರೆ ಪದಗಳನ್ನು ಗುಂಪು ಹಾಕುತ್ತದೆಯೇ ಹೊರತು ಬಿಡಿಸಿ ಹೇಳುವುದಿಲ್ಲ. ಪರಭಾಷೆಯವರು ಇಂಗ್ಲಿಷ್ ಕಲಿಯಲೆಂದೇ ಮಾಡಿದ ನಿಘಂಟುಗಳು ಬೇರೆ ಇವೆ. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ 1942ರಲ್ಲಿ ಅಲ್ಲಿಯೇ ಅಂಥದ್ದೊಂದನ್ನು ಪ್ರಕಟಿಸಿದರು. ಈಗ ಆ ಬಗೆಯವು ಮೊಬೈಲಿನಲ್ಲೇ ಸಿಗುತ್ತವೆ. ಅವುಗಳಲ್ಲಿ ಅರ್ಥ ನೋಡಿ ನಿಲ್ಲಬಾರದು, ಕೆಳಗಿನ ಉದಾಹರಣೆ ವಾಕ್ಯಗಳನ್ನು ಓದಬೇಕು. ಪದ ಯಾರ ಜೊತೆ ಓಡಾಡುತ್ತದೆ ಎಂಬುದು ಅಲ್ಲೇ ಕಾಣುವುದು.

ಎರಡನೆಯದು, ನೋಟ್‌ಬುಕ್ಕನ್ನು ಕನ್ನಡ ಪದದ ಹೆಸರಿನಲ್ಲಿ ತೆರೆಯಿರಿ. ಪುಟದ ತಲೆಗೆ ಒಂದು ಕನ್ನಡ ಪದ, ಅದರ ಕೆಳಗೆ ನಾವು ದಿನಾ ಆಡುವ ವಾಕ್ಯಗಳು, ಪ್ರತಿಯೊಂದರ ಎದುರಿಗೆ ಇಂಗ್ಲಿಷ್. ‘ಬಿಡು’ವಿನಿಂದ ಶುರು ಮಾಡಬಹುದು. ಬಸ್ ಬಿಟ್ಟಿತು, ಅದು ಲೆಫ್ಟ್. ಸಿಗರೇಟು ಬಿಟ್ಟ, ಕ್ವಿಟ್. ಹಗ್ಗ ಬಿಟ್ಟ, ಲೆಟ್ ಗೋ. ಬೋನಿನಿಂದ ಹಕ್ಕಿಯನ್ನು ಬಿಟ್ಟ, ರಿಲೀಸ್. ಬರೆಯುವಾಗ ಒಂದು ಸಾಲು ಬಿಟ್ಟ, ಸ್ಕಿಪ್. ನಾಲ್ಕು ಗಂಟೆಗೆ ಶಾಲೆ ಬಿಟ್ಟಿತು ಎಂದರೆ ಸ್ಕೂಲ್ ಈಸ್ ಓವರ್. ಅವನು ಎಂಟನೆಯಲ್ಲೇ ಶಾಲೆ ಬಿಟ್ಟ ಎಂದರೆ ಡ್ರಾಪ್ಡ್ ಔಟ್. ಆ ಪುಟ ಇಷ್ಟಕ್ಕೇ ತುಂಬುವುದಿಲ್ಲ, ಮುಂದಿನ ಪುಟವನ್ನೂ ‘ಬಿಡು’ವಿಗೇ ಖಾಲಿ ಇಟ್ಟುಕೊಳ್ಳಿ.